ಅಡಿಗಲ್ಲು ಕೆತ್ತುವವನು ಕಂಡ ಸಾಹೇಬರು

ಇಂಥವು ನನ್ನ ಕಣ್ಣೆದುರೇ ಯಾಕೆ ನಡೆಯುತ್ತವೋ ನನಗಂತೂ ಗೊತ್ತಿಲ್ಲ. ಬೇರೆಯವರು ವರ್ಷಕ್ಕೊಮ್ಮೆ ಕೇಳಿ ನಗುವಂಥದ್ದು ನನ್ನ ಅಂಗಡಿಯಲ್ಲಿ ವಾರಕ್ಕೊಂದು ಆಗುತ್ತದೆ. ಚುನಾವಣೆ ಹತ್ತಿರ ಬಂತೆಂದರೆ ದಿನಕ್ಕೆರಡು!

ಹಾನಗಲ್ಲಿನಲ್ಲಿ ರಸ್ತೆಗೆ ಹತ್ತಿಕೊಂಡು ನನ್ನದೊಂದು ತಗಡಿನ ಶೆಡ್ಡು ಇದೆ. ನಮ್ಮಜ್ಜ ಒರಳು, ಬೀಸುವ ಕಲ್ಲು ಮಾಡಿ ಚಕ್ಕಡಿಯಲ್ಲಿ ಹೇರಿಕೊಂಡು ಊರೂರು ಮಾರುತ್ತಿದ್ದ. ಮನೆಮನೆಗೂ ಮಿಕ್ಸಿ ಬಂದಮೇಲೆ ನಮ್ಮಪ್ಪ ಉಳಿ ಕೆಳಗಿಟ್ಟ. ನಾನು ಅದನ್ನೇ ಎತ್ತಿಕೊಂಡು ಅಕ್ಷರ ಕೆತ್ತಲು ಶುರು ಮಾಡಿದೆ. ಗುಡಿಗೆ ದಾನ ಕೊಟ್ಟವರ ಹೆಸರು, ಗೋರಿಯ ಮೇಲಿನ ಹೆಸರು, ಹೊಸ ಮನೆಯ ಹೆಸರು, ಎಲ್ಲ ಕೆತ್ತುತ್ತೇನೆ. ಆದರೆ ಎಲ್ಲಕ್ಕಿಂತ ಹೆಚ್ಚು ಕೆತ್ತಿದ್ದು ಅಡಿಗಲ್ಲು. ರಸ್ತೆ, ಸೇತುವೆ, ಕಟ್ಟಡ ಯಾವುದೇ ಶುರುವಾಗುವ ಮೊದಲು ಒಂದು ಕಲ್ಲು ನೆಟ್ಟು, ಅದಕ್ಕೆ ಪರದೆ ಕಟ್ಟಿ, ಸಾಹೇಬರು ಬಂದು ದಾರ ಎಳೆದು, ಚಪ್ಪಾಳೆ ಹೊಡೆಸಿಕೊಂಡು ಹೋಗುತ್ತಾರಲ್ಲ, ಆ ಕಲ್ಲು. ನಾನು ಕೆತ್ತುತ್ತೇನೆ, ನನ್ನ ಹೆಂಡತಿ ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬುತ್ತಾಳೆ. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು, ಆಕೆ ಹತ್ತನೇ ಪಾಸು. ಹೀಗಾಗಿ ಕಾಗುಣಿತ ನೋಡುವುದೂ ಆಕೆಯೇ. ಮಾತಂತೂ ಮೊದಲಿನಿಂದಲೂ ಆಕೆಯದೇ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಎಲ್ಲ ಪಕ್ಷದವರೂ ನಮ್ಮ ಗಿರಾಕಿಗಳು. ಜನರಿಗೆ ರಾಜಕಾರಣಿಗಳ ಮೇಲೆ ನಂಬಿಕೆ ಯಾಕೆ ಹೋಯಿತು ಅಂತ ಟೀವಿಯಲ್ಲಿ ದೊಡ್ಡ ದೊಡ್ಡವರು ಕೋಟು ಹಾಕಿಕೊಂಡು ಕೂತು ಚರ್ಚೆ ಮಾಡುತ್ತಾರೆ. ನನ್ನನ್ನು ಒಬ್ಬರೂ ಕರೆಯಲಿಲ್ಲ. ಕರೆದಿದ್ದರೆ ಕೋಟು ಇಲ್ಲದೆಯೇ ಹೋಗಿ ಹೇಳಿ ಬರುತ್ತಿದ್ದೆ. ಕರೆಯದಿದ್ದಕ್ಕೆ ಇಲ್ಲಿ ಹೇಳುತ್ತಿದ್ದೇನೆ.

ರುಮಾಲು ತೆಗೆದ ಅಜ್ಜ

ತಡಸದ ಕಡೆ ಒಂದು ಹಳ್ಳಿಯ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಿಗೆ ನೆರಳು ಮಾಡಿಸುವುದು ಅಂತ ಆಯಿತು. ಗುತ್ತಿಗೆದಾರ ಒಂದು ಚೀಟಿ ತಂದುಕೊಟ್ಟ. ಅದರಲ್ಲಿ ಏಳು ಹೆಸರು. ಅಧ್ಯಕ್ಷತೆ ಇವರದು, ಘನ ಉಪಸ್ಥಿತಿ ಅವರದು, ಮುಖ್ಯ ಅತಿಥಿಗಳು ಇನ್ನಿಬ್ಬರು. ಏಳು ಹೆಸರಿನ ಕಲ್ಲು ನನಗೆ ಎರಡು ದಿನದ ಕೆಲಸ. ಸಂತೋಷದಿಂದ ಉಳಿ ಹಿಡಿದೆ.

ಸಂಜೆಯಷ್ಟೊತ್ತಿಗೆ ಫೋನು ಶುರುವಾದವು.

‘ನಾ ಮಾಜಿ ಅಧ್ಯಕ್ಷ ಮಾತಾಡಾಕತ್ತೇನಿ. ನನ್ನ ಹೆಸರ ಯಾಕ ಬಿಟ್ಟಿ?’

‘ನಾ ಬಿಟ್ಟಿಲ್ರೀ, ಚೀಟ್ಯಾಗ ಇಲ್ರೀ.’

‘ಚೀಟಿ ಬರದಾಂವನ ಕೇಳ್ತೇನಿ. ನೀ ಮೊದ್ಲ ಕೆತ್ತು.’

ಮಾಜಿಯ ಹೆಸರು ಸೇರಿದ್ದು ಕೇಳಿ ಇನ್ನೊಬ್ಬ ಮಾಜಿ ಫೋನು ಹಚ್ಚಿದ. ಅವನ ಬೆನ್ನಿಗೆ ಅವನ ಅಳಿಯ. ಮರುದಿನ ಮುಂಜಾನೆ ‘ವಿಶೇಷ ಆಹ್ವಾನಿತರು’ ಎಂದು ಹೊಸದೊಂದು ಸಾಲು ಹುಟ್ಟಿತು, ಮಧ್ಯಾಹ್ನಕ್ಕೆ ‘ಊರಿನ ಗುರು ಹಿರಿಯರು’ ಎಂದು ಇನ್ನೊಂದು. ನಾಲ್ಕನೇ ದಿನಕ್ಕೆ ಹೆಸರು ಇಪ್ಪತ್ತೊಂದಾದವು! ಕಲ್ಲಿನ ತಲೆಯಿಂದ ಬುಡದವರೆಗೆ ಒಂದು ಇರುವೆ ಕೂರುವಷ್ಟೂ ಜಾಗ ಉಳಿಯಲಿಲ್ಲ. ನಾನು ಗುತ್ತಿಗೆದಾರನಿಗೆ ಹೇಳಿದೆ:

‘ಸಾವ್ಕಾರ್ರ, ಇದು ಯಾವ ಕೆಲಸಕ್ಕ ಅಂತ ಬರಿಯಾಕ ಜಾಗಾನ ಉಳಿದಿಲ್ರೀ.’

ಅವನು ಕಲ್ಲನ್ನು ಮೇಲೆ ಕೆಳಗೆ ನೋಡಿ, ‘ಹೆಸರು ಬಂದಾವಲ್ಲ? ಕೆಲಸದ್ದ ಬಿಟ್ಟಬಿಡ್ರಿ’ ಅಂದ.

ಬಿಟ್ಟುಬಿಟ್ಟೆ. ಕಲ್ಲು ಹೋಯಿತು, ನೆಟ್ಟರು, ದಾರ ಎಳೆದರು, ಪೇಢೆ ಹಂಚಿದರು.

ಏಳೆಂಟು ತಿಂಗಳಾದ ಮೇಲೆ ಒಂದು ಗುಡಿಯ ಕಲ್ಲಿನ ಅಳತೆಗೆ ಅಂತ ಅದೇ ದಾರಿಯಲ್ಲಿ ಗಾಡಿ ಹೊಡೆದುಕೊಂಡು ಹೊರಟಿದ್ದೆ. ರಣರಣ ಬಿಸಿಲು. ಕ್ರಾಸಿನಲ್ಲಿ ನೆರಳಿಲ್ಲ, ಗೋಡೆಯಿಲ್ಲ, ಒಂದು ಇಟ್ಟಂಗಿಯೂ ಇಲ್ಲ. ಬಯಲಿನಲ್ಲಿ ನನ್ನ ಕಲ್ಲೊಂದೇ ನಿಂತಿದೆ! ಅದರ ಮುಂದೆ ಒಬ್ಬ ಅಜ್ಜ. ಬಸ್ಸಿಗೆ ಕಾಯುತ್ತಿದ್ದವನು ಹೊತ್ತು ಹೋಗದೆ, ಚಷ್ಮಾ ಏರಿಸಿಕೊಂಡು, ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಿದ್ದ. ನನ್ನ ಕೈಕೆಲಸವನ್ನು ಒಬ್ಬ ಇಷ್ಟು ಭಕ್ತಿಯಿಂದ ಓದುವುದನ್ನು ನಾನು ಎಂದೂ ನೋಡಿರಲಿಲ್ಲ. ಗಾಡಿ ನಿಲ್ಲಿಸಿದೆ. ಇಪ್ಪತ್ತೊಂದೂ ಹೆಸರು ಮುಗಿದ ಮೇಲೆ ಅಜ್ಜ ತಲೆಯ ಮೇಲಿನ ರುಮಾಲು ತೆಗೆದು, ಕೈಮುಗಿದು, ನನ್ನ ಕಡೆ ತಿರುಗಿ ಕೇಳಿದ:

‘ಯಾವ ಬಸ್ಸ ಪಲ್ಟಿ ಆಗಿತ್ತೋ ತಮ್ಮಾ? ಇಷ್ಟ ಮಂದಿ ಒಮ್ಮಿಗೇ ಹ್ವಾದ್ರಲ್ಲಾ!’

ನನಗೆ ನಗು ತಡೆಯಲಾಗಲಿಲ್ಲ. ‘ಅಜ್ಜಾ, ಇವರು ಸತ್ತವರಲ್ಲೋ. ಇವರೆಲ್ಲ ಇಲ್ಲಿ ಬಸ್ಸಿಗೆ ನಿಂದರಾಕ ನೆರಳ ಕಟ್ಟಸ್ತೇವಿ ಅಂದವರು’ ಅಂದೆ.

ಅಜ್ಜ ಆ ಕಡೆ ಈ ಕಡೆ ಬಯಲು ನೋಡಿದ. ಮೇಲೆ ಸೂರ್ಯನನ್ನು ನೋಡಿದ. ರುಮಾಲನ್ನು ಹೊಳ್ಳಿ ತಲೆಗೆ ಸುತ್ತಿಕೊಳ್ಳುತ್ತ ಹೇಳಿದ:

‘ಸತ್ತಿದ್ರ ಮಾತು ಬ್ಯಾರೆ ಇತ್ತಪಾ. ಬದುಕಿದ್ದೂ ಕಟ್ಟಿಲ್ಲಂದ್ರ ಇವರಿಗೆ ಏನನಬೇಕು!’

ಹೊಳ್ಳಿಸಿದ ಕಲ್ಲು

ಸವಣೂರು ತಾಲೂಕಿನ ಒಬ್ಬ ಲೀಡರು ತಮ್ಮ ಊರಲ್ಲಿ ಪಕ್ಷದ ಆಫೀಸು ತೆಗೆದರು. ಅದರ ಉದ್ಘಾಟನೆಯ ಕಲ್ಲು ನನಗೆ ಹೇಳಿದರು. ಹತ್ತಿಪ್ಪತ್ತು ಮಂದಿ ಹಿಂಬಾಲಕರೊಂದಿಗೆ ಬಂದಿದ್ದರು. ಎಲ್ಲರ ಕೊರಳಲ್ಲೂ ಒಂದೇ ಬಣ್ಣದ ಶಲ್ಯ. ಯಾವ ಬಣ್ಣ ಅಂತ ಕೇಳಬೇಡಿ, ಹೇಳಿದರೆ ನನ್ನ ಅರ್ಧ ಗಿರಾಕಿ ಹೋಗುತ್ತಾರೆ.

‘ಪಕ್ಷದ ಹೆಸರು ಮ್ಯಾಲ ದೊಡ್ಡದಾಗಿ ಬರಲಿ’ ಅಂದರು ಲೀಡರು. ‘ಈ ಪಕ್ಷ ನನ್ನ ತಾಯಿ. ನನ್ನ ಹೆಣಾ ಬಿದ್ರೂ ಈ ಪಕ್ಷದಾಗ ಬೀಳ್ತೈತಿ.’

ನನಗೂ ಉಮೇದಿ ಬಂತು. ದಪ್ಪ ಅಕ್ಷರದಲ್ಲಿ, ಆಳವಾಗಿ, ನೂರು ವರ್ಷವಾದರೂ ಅಳಿಸದಂತೆ ಕೆತ್ತಿದೆ. ಇನ್ನು ಬಣ್ಣ ತುಂಬುವುದೊಂದೇ ಬಾಕಿ. ಚಾ ಕುಡಿಯಲು ಎದುರಿನ ಅಂಗಡಿಗೆ ಹೋದರೆ ಅಲ್ಲಿ ಟೀವಿಯಲ್ಲಿ ನಮ್ಮ ಲೀಡರು! ಕೊರಳಲ್ಲಿ ಬೇರೆ ಬಣ್ಣದ ಶಲ್ಯ! ಯಾರೋ ಹಾಕುತ್ತಿದ್ದಾರೆ, ಇವರು ತಲೆ ಬಾಗಿಸಿ ಹಾಕಿಸಿಕೊಳ್ಳುತ್ತಿದ್ದಾರೆ. ನಾನು ಚಾದ ಕಪ್ಪು ಅಲ್ಲೇ ಇಟ್ಟು ಓಡಿ ಬಂದೆ. ‘ಬಣ್ಣ ತುಂಬಬ್ಯಾಡ, ನಿಂದ್ರ ನಿಂದ್ರ!’ ಅಂತ ಹೆಂಡತಿಯ ಕೈಯಿಂದ ಕುಂಚ ಕಸಿದುಕೊಂಡೆ.

ಮರುದಿನ ಲೀಡರು ಬಂದರು. ಹಿಂದೆ ಅದೇ ಹತ್ತಿಪ್ಪತ್ತು ಮಂದಿ, ಹೊಸ ಬಣ್ಣದ ಶಲ್ಯದಲ್ಲಿ.

‘ಏನ್ರೀ ಸಾಹೇಬ್ರ, ಕಲ್ಲ ಈಗ ಏನ ಮಾಡೂದು?’

‘ಅದಕ್ಕ ಯಾಕ ಹೆದರ್ತಿ? ಕಲ್ಲಿಗೆ ಎರಡ ಮಗ್ಗಲ ಇರ್ತಾವಲ್ಲ? ಹೊಳ್ಳಿಸಿ ಆ ಕಡೆ ಕೆತ್ತು.’

ನಾಲ್ಕು ಆಳು ಕರೆದು, ಕಬ್ಬಿಣದ ಹಾರೆ ಕೊಟ್ಟು ಮೀಟಿ, ‘ಐಸಾ’ ಅಂದು ಕಲ್ಲು ಹೊಳ್ಳಿಸಿದೆವು. ಹಿಂದಿನ ಮಗ್ಗಲು ಒರಟು. ಅದನ್ನು ತಿಕ್ಕಿ ನುಣುಪು ಮಾಡುವಷ್ಟರಲ್ಲಿ ನನ್ನ ರಟ್ಟೆ ಬಿದ್ದು ಹೋದವು. ಹೊಸ ಪಕ್ಷದ ಹೆಸರು ಕೆತ್ತಿದೆ. ಬಣ್ಣವನ್ನೂ ತುಂಬಿದೆವು. ಅದು ಒಣಗುವುದರೊಳಗೆ ಲೀಡರು ಮತ್ತೆ ಬಂದರು. ಕೊರಳು ನೋಡುತ್ತೇನೆ, ಹಳೆಯ ಬಣ್ಣ!

‘ತಾಯೀನ ಬಿಟ್ಟಿರಾಕ ಆಗಲಿಲ್ಲಪಾ’ ಅಂದರು. ‘ಹೊಳ್ಳಿ ಬಂದೇನಿ. ಕಲ್ಲೂ ಹೊಳ್ಳಿಸು.’

ಹಿಂದಿದ್ದ ಹಿಂಬಾಲಕರಲ್ಲಿ ಕೆಲವರಿಗೆ ಸುದ್ದಿ ಮುಟ್ಟಿರಲಿಲ್ಲ, ನಿನ್ನೆಯ ಶಲ್ಯದಲ್ಲೇ ಬಂದಿದ್ದರು. ಒಬ್ಬ ಹಿರಿಯ ಮಾತ್ರ ಜಾಣ. ಎರಡೂ ಬಣ್ಣದ ಶಲ್ಯ ಒಂದರ ಮೇಲೊಂದು ಹಾಕಿಕೊಂಡಿದ್ದ. ‘ಯಾಕ್ರೀ ಕಾಕಾ?’ ಅಂದರೆ, ‘ಸಂಜೀ ಮಟಾ ಯಾವದು ಬೇಕಾಗ್ತೈತೋ ಯಾರಿಗೊತ್ತು’ ಅಂದ.

ಕುಂಚ ಹಿಡಿದು ಕೂತಿದ್ದ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ಹಾಕುತ್ತ ಅಂದಳು:

‘ಸಾಹೇಬ್ರ, ಎರಡೂ ಮಗ್ಗಲ ಹಂಗ ಇರಲಿ ಬಿಡ್ರಿ. ನಡುವ ಒಂದು ಕೀಲ ಹಾಕಿ ಕೊಡ್ತೇವಿ. ಗಾಳಿ ಯಾ ಕಡೆ ಬೀಸ್ತೈತೋ ಆ ಕಡೆ ಹೊಳ್ಳಿಸಿಕೊಂತ ಹೋಗ್ರಿ.’

ಗಿರಾಕಿ ಹೋಯಿತು, ಶೆಡ್ಡಿನ ತಗಡೂ ಹೋಯಿತು ಅಂದುಕೊಂಡೆ. ಲೀಡರು ಆಕೆಯನ್ನು ನೋಡಿದರು, ಕಲ್ಲನ್ನು ನೋಡಿದರು, ಗದ್ದಕ್ಕೆ ಕೈ ಹಚ್ಚಿ ಬಹಳ ಹೊತ್ತು ವಿಚಾರ ಮಾಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

‘ಬೇರಿಂಗ್ ಹಾಕಿದ್ರ ಹಗೂರ ತಿರಗತೈತೇನ?’

ಒಂದು ಅಕ್ಷರದ ತಪ್ಪು

ಇದು ಸಣ್ಣದು, ಆದರೆ ಇವತ್ತಿಗೂ ನೆನೆದರೆ ಮೈ ಬೆವರುತ್ತದೆ.

ಹತ್ತಿಮತ್ತೂರಿನ ಕಡೆ ಒಂದು ಹಳ್ಳಿಗೆ ಸಮುದಾಯ ಭವನದ ಕಲ್ಲು. ಮಾರನೇ ದಿನವೇ ಕಾರ್ಯಕ್ರಮ, ಗಡಿಬಿಡಿ. ನನ್ನ ಹೆಂಡತಿ ತವರಿಗೆ ಹೋಗಿದ್ದಳು, ಕಾಗುಣಿತ ನೋಡುವವರು ಯಾರೂ ಇಲ್ಲ. ನಾನೇ ಬರೆದೆ, ನಾನೇ ಕೆತ್ತಿದೆ, ನಾನೇ ಒಯ್ದು ನೆಟ್ಟೆ. ಸಾಹೇಬರು ದಾರ ಎಳೆದರು. ಪರದೆ ಸರಿಯಿತು. ಚಪ್ಪಾಳೆ!

ಆಗ ನನ್ನ ಕಣ್ಣಿಗೆ ಬಿತ್ತು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ‘ಶಂಕುಸ್ಥಾಪನೆ’ ಅಂತ ಇರಬೇಕಾದಲ್ಲಿ ‘ಶಂಕಾಸ್ಥಾಪನೆ’ ಅಂತ ಕೆತ್ತಿಬಿಟ್ಟಿದ್ದೇನೆ! ಕೊಂಬು ಹಾಕುವಲ್ಲಿ ದೀರ್ಘ ಹಾಕಿದ್ದೇನೆ. ಅಡಿಗಲ್ಲು ಹಾಕುವ ಬದಲು ಸಾಹೇಬರು ತಮ್ಮ ಅಮೃತ ಹಸ್ತದಿಂದ ಊರಲ್ಲಿ ಸಂಶಯವನ್ನು ನೆಟ್ಟು ಹೋದಂತಾಯಿತು!

ಆದರೆ ನೋಡಿ ಚಮತ್ಕಾರ, ಒಬ್ಬರೂ ಓದಲಿಲ್ಲ. ಸಾಹೇಬರು ಕೆಳಗಿದ್ದ ತಮ್ಮ ಹೆಸರನ್ನಷ್ಟೇ ಓದಿದರು. ಉಳಿದವರೂ ತಂತಮ್ಮ ಹೆಸರು ಹುಡುಕಿ ಓದಿಕೊಂಡು ಉಪ್ಪಿಟ್ಟು ತಿನ್ನಲು ಹೋದರು. ಎಲ್ಲರೂ ಹೋದಮೇಲೆ ನಾನು ಚೀಲದಿಂದ ಉಳಿ ತೆಗೆದು, ಆ ದೀರ್ಘವನ್ನು ಹೇಗಾದರೂ ಒಡೆದು ಸಿಮೆಂಟು ಮೆತ್ತೋಣ ಅಂತ ಕಲ್ಲಿನ ಮುಂದೆ ಕೂತೆ.

‘ಏನ ಮಾಡಾಕತ್ತೀ?’ ಹಿಂದಿನಿಂದ ದನಿ ಬಂತು.

ತಿರುಗಿದರೆ ಆ ಊರಿನ ರಿಟೈರಾದ ಕನ್ನಡ ಮಾಸ್ತರು. ಬಿಳಿ ಧೋತರ, ಕೈಯಲ್ಲಿ ಕೊಡೆ. ನಾನು ಹುಡುಗನಂತೆ ಎದ್ದು ನಿಂತೆ.

‘ತಪ್ಪಾಗೈತ್ರೀ ಸರ್. ಕಾಗುಣಿತ ತಪ್ಪೈತಿ. ತಿದ್ದತೇನ್ರೀ.’

ಮಾಸ್ತರು ಕೊಡೆಯ ತುದಿಯಿಂದ ನನ್ನ ಉಳಿಯನ್ನು ಕೆಳಗೆ ಒತ್ತಿದರು.

‘ನಾ ಜನ್ಮಪೂರಾ ಮಂದಿ ತಪ್ಪು ತಿದ್ದಿಕೊಂತ ಬಂದಾಂವ. ಇದೊಂದನ್ನ ಮಾತ್ರ ತಿದ್ದಬ್ಯಾಡೋ. ಈ ತಾಲೂಕಿನಾಗ ಖರೇ ಬರದಿದ್ದು ಇದೊಂದ ಕಲ್ಲು!’

ಖನಿಜದ ನೀರು

ಹಿರೇಕೆರೂರು ತಾಲೂಕಿನ ಒಂದು ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಉದ್ಘಾಟನೆ. ಕಲ್ಲು ನೆಡಲು ನಾನು ಮುಂಜಾನೆಯೇ ಹೋಗಿದ್ದೆ. ಗೋವಿನಜೋಳ ಕಟಾವಿನ ದಿನ. ಆದರೂ ಹೆಣ್ಣುಮಕ್ಕಳೆಲ್ಲ ಹೊಲ ಬಿಟ್ಟು ಕೊಡ ಹಿಡಿದು ಬಂದಿದ್ದರು. ಯಾಕೆಂದರೆ ಆ ಊರಿನ ಬೋರಿನ ನೀರು ಅಂಥ ಸವುಳು. ಬೇಳೆ ಹಾಕಿದರೆ ಬೇಯುವುದಿಲ್ಲ, ಚಾ ಮಾಡಿದರೆ ಹಾಲು ಒಡೆಯುತ್ತದೆ. ‘ಇವತ್ತ ಮನೀಗೆ ಹೋಗಿ ಮೊದ್ಲ ಒಂದ ಚಾ ಮಾಡೂದು ನೋಡ’ ಅಂತ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದಳು. ಅವರ ಮುಖದ ಕಳೆ ನೋಡಿ ನನಗೂ ಖುಷಿಯಾಗಿತ್ತು.

ಕಲ್ಲು ನೆಟ್ಟು ಸಿಮೆಂಟು ಸವರುತ್ತಿದ್ದಾಗ ಗುತ್ತಿಗೆದಾರ ಹಿಂದಿನ ಬಾಗಿಲಿನಿಂದ ಒಂದು ನೀಲಿ ಡ್ರಮ್ಮು ಒಳಗೆ ಸಾಗಿಸುತ್ತಿದ್ದ. ಏನು ಅಂತ ಇಣುಕಿದೆ. ಘಟಕಕ್ಕೆ ಇನ್ನೂ ಕರೆಂಟೇ ಕೊಟ್ಟಿಲ್ಲ! ಮಷೀನಿನ ಮೇಲಿನ ಪ್ಲಾಸ್ಟಿಕ್ಕೂ ಹರಿದಿಲ್ಲ. ಬೆಂಚಿನ ಮೇಲೆ ಡ್ರಮ್ಮು ಏರಿಸಿ, ಅದಕ್ಕೊಂದು ಪೈಪು ಸಿಕ್ಕಿಸಿ, ಆ ಪೈಪನ್ನು ಮುಂದಿನ ನಳಕ್ಕೆ ಜೋಡಿಸಿದ. ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟ.

ಸಾಹೇಬರು ಬಂದರು. ದಾರ ಎಳೆದರು. ನಳ ತಿರುವಿದರು. ನೀರು! ಹೆಣ್ಣುಮಕ್ಕಳು ಕೇಕೆ ಹಾಕಿದರು. ಸಾಹೇಬರು ಒಂದು ಗ್ಲಾಸು ತುಂಬಿಸಿ, ಗಟಗಟ ಕುಡಿದು, ಮೈಕಿನಲ್ಲಿ ಹೇಳಿದರು:

‘ಅಮೃತ! ತಾಯಂದಿರ, ಇದು ನೀರಲ್ಲ, ಅಮೃತ!’

ಆಮೇಲೆ ಇನ್ನೊಂದು ಗ್ಲಾಸು ತುಂಬಿಸಿ ಮುಂದೆಯೇ ಕೂತಿದ್ದ ಒಬ್ಬ ಅಜ್ಜಿಗೆ ತಮ್ಮ ಕೈಯಾರೆ ಕುಡಿಸಿದರು. ಫೋಟೋ ತೆಗೆದರು. ಅಜ್ಜಿ ಒಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ, ಹುಬ್ಬು ಗಂಟು ಹಾಕಿದಳು.

‘ಯಪ್ಪಾ, ಇದೇನೋ ಒಂಥರಾ ಎಣ್ಣಿ ವಾಸನಿ ಬರ್ತೈತಲ್ಲೋ.’

ಸಾಹೇಬರು ಮೈಕು ಬಿಡಲೇ ಇಲ್ಲ. ‘ಅದು ಮಿನರಲ್ ಅಜ್ಜಿ, ಮಿನರಲ್! ಮೈಗೆ ಬಾಳ ಚಲೋ. ಪ್ಯಾಟ್ಯಾಗಿನ ಮಂದಿ ಬಾಟ್ಲಿ ತಗೊಂಡು ಕುಡೀತಾರ.’

ಚಪ್ಪಾಳೆ ಬಿತ್ತು. ಮೊದಲನೇ ಕೊಡ ತುಂಬಿತು. ಎರಡನೇ ಕೊಡ ಅರ್ಧಕ್ಕೆ ಬಂದಾಗ ನಳ ಬುಸ್ಸೆಂದು ಗಾಳಿ ಬಿಟ್ಟು ನಿಂತುಹೋಯಿತು. ‘ಪ್ರೆಷರ್, ಪ್ರೆಷರ್ ಕಡಿಮಿ ಆಗೈತಿ’ ಅಂತ ಗುತ್ತಿಗೆದಾರ ಹಿಂದಕ್ಕೆ ಓಡಿದ. ಅದೇ ಹೊತ್ತಿಗೆ ಜನರನ್ನು ಸರಿಸಿಕೊಂಡು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ, ಎದುರಿನ ಮಿರ್ಚಿ-ಭಜಿ ಅಂಗಡಿಯವನು ಮುಂದೆ ಬಂದ. ಸಾಹೇಬರಿಗೆ ಕೈಮುಗಿದು, ಬಹಳ ಮರ್ಯಾದೆಯಿಂದ ಕೇಳಿದ:

‘ಸಾಹೇಬ್ರ, ನಿಮ್ಮದು ಮುಗದಿದ್ರ ನಮ್ಮ ಡ್ರಮ್ಮು ಕೊಡಸ್ರಿ. ತಾಟು ತೊಳಿಯೂದು ನಿಂತು ಬಿಟ್ಟೈತ್ರಿ.’

ಅಜ್ಜಿ ಕೈಯಲ್ಲಿದ್ದ ಗ್ಲಾಸು ನೋಡಿದಳು. ಮೈಕು ಇನ್ನೂ ಚಾಲೂ ಇತ್ತು, ಆಕೆಯ ಬಾಯಿಗೆ ಹತ್ತಿರವೂ ಇತ್ತು. ಇಡೀ ಊರಿಗೆ ಕೇಳಿಸಿತು:

‘ನಾ ಅಂದ್ನೆಲ್ಲಾ! ಮಿನರಲ್ ಅಲ್ಲೋ ಅದು, ಮಿರ್ಚಿ!’

ತವರಿಗೆ ಕಳಿಸಿದ್ದು

ಇಷ್ಟು ಹೊತ್ತು ಬೇರೆಯವರ ಊರಿನದು ಹೇಳಿದೆ. ಇನ್ನು ನನ್ನದೇ ಓಣಿಯದು.

ಹಾನಗಲ್ಲಿನ ನಮ್ಮ ಓಣಿಗೆ ಗಟಾರವೇ ಇರಲಿಲ್ಲ. ಮಳೆ ಬಂದರೆ ಎಲ್ಲರ ಬಚ್ಚಲ ನೀರು ಎಲ್ಲರ ಹೊಸ್ತಿಲಿಗೆ. ಒಂದು ಚುನಾವಣೆಯ ಮುಂಚೆ ನಮ್ಮ ಭಾಗದ ಲೀಡರು ನನ್ನ ಶೆಡ್ಡಿಗೆ ಬಂದು, ಕಲ್ಲಿನ ಧೂಳು ತುಂಬಿದ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದರು: ‘ಕಲಾವಿದರ, ನಿಮ್ಮ ಓಣಿ ಗಟಾರದ ಅಡಿಗಲ್ಲು ನೀವ ಕೆತ್ತಬೇಕು. ಆರು ತಿಂಗಳದಾಗ ಕೆಲಸ ಮುಗಸ್ತೇನಿ.’

ಕಲಾವಿದ ಅಂತ ನನ್ನನ್ನು ಅದುವರೆಗೂ ಯಾರೂ ಕರೆದಿರಲಿಲ್ಲ. ನಾನು ಕರಗಿ ನೀರಾದೆ! ಕಲ್ಲಿನ ಸುತ್ತ ಯಾರೂ ಕೇಳದಿದ್ದರೂ ಹೂಬಳ್ಳಿ ಕೆತ್ತಿದೆ. ಅಷ್ಟಕ್ಕೆ ಬಿಡಲಿಲ್ಲ. ಓಣಿಯ ಮನೆಮನೆಗೂ ಹೋಗಿ, ‘ಈ ಸಲ ಖರೇನ ಆಗ್ತೈತ್ರಿ. ಕಲ್ಲ ನನ್ನ ಕೈಲೇ ಕೆತ್ತೇನಿ’ ಅಂತ ಅವರ ಪರವಾಗಿ ಓಟು ಕೇಳಿದೆ. ನನ್ನ ಮುಖ ನೋಡಿ ಓಣಿಗೆ ಓಣಿಯೇ ಓಟು ಹಾಕಿತು. ಲೀಡರು ಗೆದ್ದರು.

ಆರು ತಿಂಗಳಾಯಿತು. ವರ್ಷವಾಯಿತು. ಮೂರು ವರ್ಷವಾಯಿತು. ಕಲ್ಲಿತ್ತು, ಗಟಾರ ಇಲ್ಲ. ಓಣಿಯವರು ಲೀಡರನ್ನು ಬೈಯಲಿಲ್ಲ, ಅವರು ಕೈಗೆ ಸಿಗುತ್ತಿರಲಿಲ್ಲ. ಸಿಗುತ್ತಿದ್ದವನು ನಾನು. ಮುಂಜಾನೆ ಹಾಲು ತರಲು ಹೊರಟರೆ ‘ಏನ್ ಕಲಾವಿದರ, ಗಟಾರ ಎಲ್ಲೀಮಟಾ ಬಂತು?’ ಅನ್ನುವರು. ನಾನು ಲೀಡರ ಮನೆಗೆ ಎಷ್ಟು ಸಲ ಅಲೆದೆನೋ ಲೆಕ್ಕವಿಲ್ಲ. ಒಮ್ಮೆ ಬೆಂಗಳೂರಿನಲ್ಲಿದ್ದಾರೆ, ಒಮ್ಮೆ ಮಲಗಿದ್ದಾರೆ, ಒಮ್ಮೆ ಮೀಟಿಂಗಿನಲ್ಲಿದ್ದಾರೆ. ಕಡೆಗೊಮ್ಮೆ ಕಾರು ಹತ್ತುವಾಗ ಸಿಕ್ಕರು. ‘ಯಾವ ಕಲ್ಲ?’ ಅಂದರು. ಅವತ್ತು ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಆ ಮಳೆಗಾಲದಲ್ಲಿ ಎದುರುಮನೆಯ ಅಕ್ಕ ಅಂಗಳದ ರಾಡಿಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ದವಾಖಾನೆಯಿಂದ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದವಳು ನನ್ನ ಕಡೆ ಒಮ್ಮೆ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರುದಿನ ಮುಂಜಾನೆ ನನ್ನ ಹೆಂಡತಿ ಹಾರೆ ತಂದು ನನ್ನ ಕೈಗೆ ಕೊಟ್ಟಳು.

‘ಏನಿದು?’

‘ನೀವ ನೆಟ್ಟೀರಿ, ನೀವ ಕೀಳ್ರಿ.’

ಕಿತ್ತೆ. ಓಣಿಯ ಹೆಣ್ಣುಮಕ್ಕಳು ಕಲ್ಲನ್ನು ತೊಳೆದರು. ಅರಿಷಿಣ ಕುಂಕುಮ ಹಚ್ಚಿದರು. ಕಾಯಿಪಲ್ಲೆ ಮಾರುವವನ ಕೈಗಾಡಿಯ ಮೇಲೆ ಮಲಗಿಸಿ, ಹಸಿರು ಕುಬಸದ ಖಣ ಹೊದಿಸಿ, ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅಡಿಕೆ ಇಟ್ಟು, ಮನೆಯ ಹೆಣ್ಣುಮಗಳಿಗೆ ತುಂಬುವಂತೆ ಉಡಿ ತುಂಬಿದರು. ನನಗೆ ಏನೂ ತಿಳಿಯಲಿಲ್ಲ. ಸೋಬಾನೆ ಪದ ಹಾಡುತ್ತ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟರು! ಕೈಗೆ ಪಟ್ಟಿ ಹಾಕಿಕೊಂಡ ಅಕ್ಕನೇ ಮುಂದೆ. ಪೇಟೆಯಲ್ಲಿ ‘ಯಾರ ಮದವಿ?’ ಅಂತ ಮಂದಿ ಸೇರಿದರು. ಲೀಡರ ಮನೆ ಮುಟ್ಟುವಷ್ಟರಲ್ಲಿ ನಮ್ಮ ಹಿಂದೆ ಒಂದು ಜಾತ್ರೆಯೇ ಇತ್ತು.

ಗದ್ದಲ ಕೇಳಿ ಲೀಡರು ಹೊರಗೆ ಬಂದರು. ಹಾಡು, ಹೆಣ್ಣುಮಕ್ಕಳು, ಕುಂಕುಮ ಎಲ್ಲ ನೋಡಿ ತಮಗೆ ಸನ್ಮಾನ ಮಾಡಲು ಬಂದಿದ್ದಾರೆ ಅಂದುಕೊಂಡರು. ಅಂಗಿ ಸರಿಮಾಡಿಕೊಂಡು, ಕೈಮುಗಿದು, ಕೊರಳನ್ನೂ ಸ್ವಲ್ಪ ಮುಂದೆ ಚಾಚಿದರು. ಮಾಲೆ ಬರಲಿಲ್ಲ. ನನ್ನ ಹೆಂಡತಿ ಮುಂದೆ ಬಂದು ಖಣ ಸರಿಸಿದಳು.

‘ಅಣ್ಣಾರ, ನಿಮ್ಮ ಮನೀ ಮಗಳನ್ನ ನಮ್ಮ ಓಣಿಗೆ ಕೊಟ್ಟಿದ್ರಿ. ಮೂರ ವರ್ಷ ಚಂದಂಗಿ ನೋಡಿಕೊಂಡೇವಿ. ಆದ್ರ ನಿಂತಲ್ಲೇ ನಿಂತಾಳ, ಒಂದ ಕಡ್ಡೀನೂ ಎತ್ತಿ ಈ ಕಡೆದಿಂದ ಆ ಕಡೆ ಇಟ್ಟಿಲ್ಲ. ತವರಿಗೆ ಕರಕೊಂಡು ಬಂದೇವಿ. ಒಂದೀಟು ಕೆಲಸ ಕಲಿಸಿ ಕಳಸ್ರಿ.’

ಪೇಟೆಗೆ ಪೇಟೆಯೇ ಹೋ ಅಂದಿತು! ಲೀಡರು ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿದ್ದ ತಮ್ಮ ಹೆಸರನ್ನು ಓದಿದರು. ಮುಖ ಸುಟ್ಟ ಬದನೆಕಾಯಿಯಾಯಿತು. ‘ನಾಳೀನ... ನಾಳೀನ ಜೆಸಿಬಿ ಕಳಸ್ತೇನಿ’ ಅಂದರು.

ಗಟಾರ ಆಯಿತೋ ಇಲ್ಲವೋ ಅಂತ ನೀವು ಕೇಳುತ್ತೀರಿ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಯಿತು. ಓಣಿಯ ಮುಕ್ಕಾಲು ಭಾಗಕ್ಕೆ ಆಯಿತು. ಉಳಿದ ಕಾಲು ಭಾಗ ಮುಂದಿನ ಚುನಾವಣೆಗೆ ಇಟ್ಟುಕೊಂಡಿದ್ದಾರೆ. ಎದುರುಮನೆಯ ಅಕ್ಕ ನನ್ನೊಂದಿಗೆ ಮಾತಾಡುತ್ತಾಳೆ, ನಾನು ತಲೆಯೆತ್ತಿ ಹಾಲು ತರಲು ಹೋಗುತ್ತೇನೆ.

ಆದರೆ ನಿಜವಾದ ಮಜಾ ಅವತ್ತು ನಾವು ಅಲ್ಲಿಂದ ಹೊರಡುವಾಗ ಆಯಿತು. ಲೀಡರ ತಾಯಿ, ತೊಂಬತ್ತರ ಹತ್ತಿರದ ಮುದುಕಿ, ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದಳು. ನಡೆದದ್ದೆಲ್ಲ ಕಿಡಕಿಯಿಂದ ನೋಡಿದ್ದಳು. ಇನ್ನು ಬೈಗುಳ ಗ್ಯಾರಂಟಿ ಅಂದುಕೊಂಡೆವು. ಆಕೆ ನನ್ನ ಹೆಂಡತಿಯ ಕೈ ಹಿಡಿದು ಬದಿಗೆ ಕರೆದಳು. ಗುಟ್ಟಿನ ಮಾತು ಅಂತ ಕಿವಿಯ ಹತ್ತಿರ ಬಾಯಿ ತಂದಳು. ಆದರೆ ಆಕೆಗೆ ಕಿವಿ ಮಂದ, ತನ್ನ ದನಿ ಎಷ್ಟು ಜೋರು ಅಂತ ತನಗೇ ಗೊತ್ತಾಗುತ್ತಿರಲಿಲ್ಲ. ಮಗ ಪಕ್ಕದಲ್ಲೇ ನಿಂತಿದ್ದ, ಹಿಂದೆ ಇಡೀ ಪೇಟೆ.

‘ಬ್ಯಾಸರಾ ಮಾಡಕೋಬ್ಯಾಡ ನನ್ನವ್ವಾ,’ ಅಂದಳು ಮುದುಕಿ. ‘ನೀವು ಮೂರ ವರ್ಷ ಕಾದೀರಿ. ನನಗ ಹೊಸಾ ಬಚ್ಚಲಮನಿ ಕಟ್ಟಸ್ತೇನಿ ಅಂತ ಹಿತ್ತಲದಾಗ ಭೂಮಿಪೂಜಿ ಮಾಡಿ, ಕಾಯಿ ಒಡದು, ಭಾಷಣಾನೂ ಮಾಡಿ ಹ್ವಾದ ಇಂವ. ಏಳ ವರ್ಷಾತು, ಕಾಯಿ ಚಿಪ್ಪ ಇನ್ನೂ ಅಲ್ಲೇ ಬಿದ್ದೈತಿ. ಯಾರಿಗೂ ಹೇಳಬ್ಯಾಡ, ಹ್ವಾದ ಸಲ ನಾನ ಇವಗ ಓಟ ಹಾಕಿಲ್ಲ.’